ಟೀ ಅಂಗಡಿ ಗೋಡೆಯ ತಿಮಿಂಗಿಲ

ನಮ್ಮಪ್ಪ ದನದ ದಲ್ಲಾಳಿ. ಮನುಷ್ಯರನ್ನೂ ಅವನು ದನ ನೋಡಿದ ಹಾಗೆಯೇ ನೋಡುತ್ತಿದ್ದ. ಮನೆಗೆ ಯಾರೇ ಬರಲಿ, ಮೊದಲು ಕಾಲು, ಆಮೇಲೆ ನಡಿಗೆ, ಮುಖ ಕೊನೆಗೆ. ನೆಂಟರು ಕಾಫಿ ಕುಡಿದು ಬೀದಿ ತಿರುಗುವಷ್ಟರಲ್ಲಿ ಅವರ ಐಬುಗಳೆಲ್ಲ ನಮ್ಮ ಜಗುಲಿಯ ಮೇಲೆ ಬಿದ್ದಿರುತ್ತಿದ್ದವು. ನನ್ನ ದೊಡ್ಡಮ್ಮನ ಮಗಳಿಗೆ ಗೊತ್ತಾದ ಗಂಡನ್ನು ನೋಡಿ, "ಮುಂಗಾಲು ಚೆಂದಾಗದೆ, ಹಿಂಗಾಲಲ್ಲಿ ಕಸುವಿಲ್ಲ, ನೇಗಿಲಿಗೆ ಆಗಕ್ಕಿಲ್ಲ" ಅಂದಿದ್ದ. ಮದುವೆಯೇನೂ ಮುರಿಯಲಿಲ್ಲ. ಆದರೆ ಆ ಭಾವ ಇವತ್ತಿಗೂ ನಮ್ಮ ಮನೆಗೆ ಬರುವಾಗ ತನ್ನ ಕಾಲನ್ನೇ ನೋಡಿಕೊಂಡು ಬರುತ್ತಾನೆ.

ನನ್ನ ಐಬು ಕಣ್ಣು. ಗಂಡುಮಕ್ಕಳಿಲ್ಲದ ತಪ್ಪಿಗೆ ಅಪ್ಪ ನನ್ನನ್ನೇ ಸಂತೆಗೆ ಕರೆದುಕೊಂಡು ಹೋಗುತ್ತಿದ್ದ. ಒಂದು ಎತ್ತಿನ ಮುಂದೆ ನಿಲ್ಲಿಸಿ, "ಏನ್ ಕಾಣ್ತದೆ ಏಳು?" ಅನ್ನುತ್ತಿದ್ದ. ನಾನು "ಬೆಳ್ಳಗದೆ" ಅನ್ನುತ್ತಿದ್ದೆ. ಸುತ್ತ ನಿಂತ ಗಂಡಸರಿಗೆಲ್ಲ ಕೇಳುವಂತೆ ಅವನು ನಗುತ್ತಿದ್ದ. "ಬೆಳ್ಳಗದಂತೆ! ಸುಣ್ಣ ಬಳ್ದ ಗ್ವಾಡೇನೂ ಬೆಳ್ಳಗದೆ. ಕೊಂಡ್ಕಂಡು ಓಗಿ ಗಾಡಿಗೆ ಕಟ್ಟುಬುಡವ್ವ!" ಆಮೇಲೆ ಅದರ ಸುಳಿ ತೋರಿಸುತ್ತಿದ್ದ. ದನದ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದ ಗುರುತೇ ಸುಳಿ. ಅದು ಹಣೆಯಲ್ಲಿದ್ದರೆ ಒಂದು ಫಲ, ಬೆನ್ನ ಮೇಲಿದ್ದರೆ ಇನ್ನೊಂದು. ಕೆಟ್ಟ ಸುಳಿಯಿರುವ ಎತ್ತು ಬೆಟ್ಟದಷ್ಟು ಬಲವಾಗಿದ್ದರೂ ನಮ್ಮ ಕಡೆಯವರು ಕೊಟ್ಟಿಗೆಗೆ ಕಟ್ಟುವುದಿಲ್ಲ. ಅಪ್ಪನಿಗೆ ಅದು ಬೀದಿಯ ಆ ತುದಿಯಿಂದಲೇ ಕಾಣುತ್ತಿತ್ತು. ನನಗೆ ಮೂಗಿಗೆ ತಾಗಿದರೂ ಕಾಣುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡಕ ಬಂದ ಮೇಲಂತೂ ಕೇಳಲೇ ಬೇಡಿ. "ಕಣ್ಣಿಲ್ದ ಕೂಸು" ಅನ್ನುವುದು ಊರಿಗೆಲ್ಲ ಗೊತ್ತಿರುವ ನನ್ನ ಹೆಸರಾಯಿತು.

ನರಸೀಪುರದಲ್ಲಿ ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಆಗ ನಂಜನಗೂಡಿನಲ್ಲಿ, ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುವ ರಸ್ತೆಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಒಂದು ಕಂಪ್ಯೂಟರ್ ಸೆಂಟರಿಗೆ ಹುಡುಗಿಯರು ಬೇಕಾಗಿದ್ದಾರೆ ಅಂತ ಗೊತ್ತಾಯಿತು. ಹೋದೆ. ತೆಗೆದುಕೊಂಡರು. ಕೆಲಸ ಏನು ಅಂತ ಮನೆಯಲ್ಲಿ ಹೇಳುವುದಕ್ಕೇ ನನಗೆ ಒಂದು ದಿನ ಹಿಡಿಯಿತು.

ಕೆಲಸ ಇಷ್ಟೆ. ದಡದಿಂದ ಬಲು ದೂರ, ಅರಬ್ಬೀ ಸಮುದ್ರದ ನಡುನೀರಿನ ಮೇಲೆ ಒಂದು ವಿಮಾನ ಹಾರುತ್ತದೆ. ಅದರ ಹೊಟ್ಟೆಯಲ್ಲಿರುವ ಕ್ಯಾಮೆರಾ ಕೆಳಗಿನ ನೀರಿನ ಫೋಟೋ ತೆಗೆಯುತ್ತಲೇ ಇರುತ್ತದೆ. ಆ ಫೋಟೋಗಳನ್ನು ಚೌಕ ಚೌಕ ಕತ್ತರಿಸಿ ನಮ್ಮ ಕಂಪ್ಯೂಟರಿಗೆ ಕಳಿಸುತ್ತಾರೆ. ನಾವು ಒಂದೊಂದೇ ಚೌಕ ನೋಡಬೇಕು. ತಿಮಿಂಗಿಲ ಕಂಡರೆ ಸುತ್ತ ಗೆರೆ ಎಳೆಯಬೇಕು. ಇಲ್ಲದಿದ್ದರೆ 'ಏನೂ ಇಲ್ಲ' ಅನ್ನುವ ಗುಂಡಿ ಒತ್ತಿ ಮುಂದಕ್ಕೆ ಹೋಗಬೇಕು. ಅದೂ ಕಂಡ ಕಂಡ ತಿಮಿಂಗಿಲವಲ್ಲ. ಹಿಂದಿನವರು ಕೊಂದು ಕೊಂದು ಈಗ ಕಾಣುವುದೇ ಅಪರೂಪವಾಗಿರುವ ಭಾರೀ ಗಾತ್ರದವು, ನೀಲಿ ತಿಮಿಂಗಿಲದಂಥವು. ಅವು ಎಲ್ಲಿ ಉಳಿದಿವೆ ಅಂತ ಯಾವುದೋ ದೇಶದವರಿಗೆ ತಿಳಿಯಬೇಕಾಗಿತ್ತಂತೆ.

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಆಮೇಲೆ ಅವ್ವನ ಕಡೆ ತಿರುಗಿ, "ಕೇಳಿಸ್ಕಂಡ್ಯಾ? ಕಣ್ಮುಂದ್ಲ ಎತ್ತು ಕಾಣಕ್ಕಿಲ್ಲ ಇವ್ಳಿಗೆ. ಸಮುದ್ರದೊಳಗಿನ ಮೀನು ಕಾಣ್ತದಂತೆ!" ಅಂದ. ನನ್ನ ಕಡೆಗೆ: "ಲೇ ಮೂದೇವಿ, ಒಳೆ ನೀರು ಮಂಡಿಗಂಟ ಬಂದ್ರೆ ಅವ್ವಾ ಅಂತ ಕಿರುಚ್ಕತಿದ್ದೆ. ಸಮುದ್ರ ಯಾವ ದಿಕ್ಕಿಗದೆ ಏಳು ನೋಡವ?" ನಾನು ಸುಮ್ಮನೆ ಕೈ ತೋರಿಸಿದೆ. ಆ ಕಡೆ ಇದ್ದುದು ನಮ್ಮ ಹಿತ್ತಲು.

ಅವ್ವನಿಗೆ ಮಾತ್ರ ಒಂದೇ ಚಿಂತೆ. "ಮೀನ್ ವಾಸ್ನೆ ಬರ್ತದಾ ಕೂಸೆ?" ಅಂದಳು.

ನಮ್ಮೂರು ಹೆಮ್ಮಿಗೆಯಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ಮಹಡಿ ಹತ್ತಿದರೆ ಬಾಗಿಲ ಬಳಿ ಮೊಬೈಲ್ ಇಡುವ ಗೂಡುಗಳು. ಒಳಗೆ ಬಿಸಿಲು ಬೀಳದಂತೆ ಕಿಟಕಿಗಳಿಗೆಲ್ಲ ನೀಲಿ ಹಾಳೆ. ಸಾಲಾಗಿ ಕಂಪ್ಯೂಟರು, ನಡುವೆ ರಟ್ಟಿನ ಅಡ್ಡ. ಪಕ್ಕದವಳ ಪರದೆ ನೋಡಕೂಡದು, ಕೇಳಕೂಡದು, ಹೇಳಕೂಡದು. ನಮ್ಮ ಮೇಲೆ ಒಬ್ಬರು ಮೇಡಂ. ಮೈಸೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಒಂದು ದಿನವೂ ದನಿ ಎತ್ತಿದವರಲ್ಲ. ಎಲ್ಲರಿಗೂ 'ನೀವು', ಎಲ್ಲರಿಗೂ ನಗು. ಅಪ್ಪನ ಬಾಯಿಗೆ ಸಿಕ್ಕು ಬೆಳೆದ ನನಗೆ ಆ ನಗು ನೋಡಿ ಇವರು ದೇವತೆಯೇ ಅನ್ನಿಸಿಬಿಟ್ಟಿತ್ತು. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ.

ಸಮುದ್ರ ಅಂದರೆ ಏನು ಅಂತ ಅಲ್ಲಿ ಗೊತ್ತಾಯಿತು. ಸಮುದ್ರ ಅಂದರೆ ಏನೂ ಇಲ್ಲದಿರುವುದು. ನೀರು, ಮತ್ತೆ ನೀರು, ಆಮೇಲೂ ನೀರು. ಒಮ್ಮೆ ಬಿಸಿಲು ಬಿದ್ದು ತಗಡಿನ ಹಾಗೆ ಹೊಳೆಯುವ ನೀರು, ಒಮ್ಮೆ ಮೋಡದ ನೆರಳು ಬಿದ್ದ ನೀರು. ನೆರಳು ಕಂಡಾಗಲೆಲ್ಲ ಇದೇ ಅಂತ ಪರದೆಗೆ ಬಗ್ಗುತ್ತಿದ್ದೆ. ನೊರೆ ಕಂಡರೆ ಬಾಲ ಅನ್ನಿಸುತ್ತಿತ್ತು. ತೇಲುವ ಪ್ಲಾಸ್ಟಿಕ್ಕಿನ ಸುತ್ತ ನಾನು ಎಷ್ಟು ಸಲ ಗೆರೆ ಎಳೆದು ಅಳಿಸಿದ್ದೇನೋ ದೇವರಿಗೇ ಗೊತ್ತು. ಮಧ್ಯಾಹ್ನ ಊಟವಾದ ಮೇಲೆ ಒಬ್ಬೊಬ್ಬರಿಗೂ ತೂಕಡಿಕೆ. ಸುತ್ತೂರಿನ ಕಡೆಯ ಒಬ್ಬಳು ಕೀಬೋರ್ಡಿನ ಮೇಲೆ ಹಣೆಯಿಟ್ಟು ಮಲಗಿ, ಆ ಹಣೆಯಿಂದಲೇ 'ಏನೂ ಇಲ್ಲ' ಒತ್ತುತ್ತ ಒತ್ತುತ್ತ ಅರ್ಧ ಸಮುದ್ರ ದಾಟಿಬಿಟ್ಟಿದ್ದಳು. ಮಾರನೆಯ ದಿನದಿಂದ ಅವಳ ಕುರ್ಚಿ ಖಾಲಿ. ಮೇಡಂ ಅವಳನ್ನೂ ನಗುನಗುತ್ತಲೇ ಕಳಿಸಿದ್ದರು.

ಆ ಸೆಂಟರಿನಲ್ಲಿ ಆಗಾಗ ಯಾರಿಗಾದರೂ ತಿಮಿಂಗಿಲ ಸಿಗುತ್ತಿತ್ತು. ಸಿಕ್ಕಿದವಳ ಹೆಸರನ್ನು ಮೇಡಂ ಜೋರಾಗಿ ಹೇಳುತ್ತಿದ್ದರು, ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು, ಮಾರನೆಯ ದಿನ ಅವಳ ಕೈಗೆ ಒಂದು ಕವರು ಬರುತ್ತಿತ್ತು. ಅದರಲ್ಲಿ ಅವಳು ಕಂಡ ತಿಮಿಂಗಿಲದ ಫೋಟೋ. ಅವಳು ಅದನ್ನು ಎದೆಗೊತ್ತಿಕೊಂಡು ಊರಿಗೆ ಒಯ್ಯುತ್ತಿದ್ದಳು. ನನಗೆ ಮಾತ್ರ ಸಿಗಲಿಲ್ಲ. ದಿನಾ ಸಂಜೆ ಜಗುಲಿಯ ಮೇಲೆ ಕೂತ ಅಪ್ಪ, "ಏನಮ್ಮಿ, ಬಲೆಗೆ ಬಿತ್ತಾ?" ಅನ್ನುತ್ತಿದ್ದ. ಇಲ್ಲ ಅಂದರೆ, "ಬೀಳ್ತದೆ ಬೀಳ್ತದೆ. ಅದ್ಕೂ ಕಣ್ಣಿಲ್ದೆ ಬಂದು ನಿಂಗೆ ಡಿಕ್ಕಿ ಒಡೀಬೇಕು ಅಷ್ಟೆ" ಅಂತ ನಗುವುದು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನನಗೆ ಸಮುದ್ರದ ಮೇಲೂ ಪ್ರೀತಿಯಿರಲಿಲ್ಲ, ತಿಮಿಂಗಿಲದ ಮೇಲೂ ಇರಲಿಲ್ಲ. ಅಪ್ಪ ಒಂದೇ ಒಂದು ಸಲ, "ಈ ಕೂಸಿಗೆ ಕಣ್ಣದೆ" ಅನ್ನಬೇಕಾಗಿತ್ತು. ಅದಕ್ಕಾಗಿ ನಾನು ತೂಕಡಿಸದೆ, ಅಂಗೈಗೆ ಉಗುರು ಚುಚ್ಚಿಕೊಂಡು ಕೂತು ನೋಡುತ್ತಿದ್ದೆ.

ಅದು ಸಿಕ್ಕಿದ್ದು ಒಂದು ಮಧ್ಯಾಹ್ನ. ಚೌಕ ಬಂತು, ಬೆರಳು ಆಗಲೇ 'ಏನೂ ಇಲ್ಲ'ದ ಮೇಲಿತ್ತು. ಚೌಕದ ನಡುವೆ ನೀರಿನ ಬಣ್ಣಕ್ಕಿಂತ ಒಂದಿಷ್ಟು ತಿಳಿಯಾದ, ಉದ್ದನೆಯ ಮೈ. ಎರಡು ಕಡೆ ಸಣ್ಣ ರೆಕ್ಕೆ. ಬಾಲದ ಹತ್ತಿರ ಬಲಮಗ್ಗುಲಲ್ಲಿ ಅರ್ಧಚಂದ್ರದಂಥ ಬಿಳಿ ಗುರುತು. ಕಿರುಚಿಬಿಟ್ಟೆ. ಕಿರುಚಬಾರದು ಅನ್ನುವ ನಿಯಮವಿತ್ತು, ಆದರೆ ಯಾರೂ ಬೈಯಲಿಲ್ಲ. ಚಪ್ಪಾಳೆ ಬಿತ್ತು. ಮೇಡಂ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಕಣ್ಣು ಚೆನ್ನಾಗಿದೆ" ಅಂದರು. ನಾನು ಅಲ್ಲೇ ಅತ್ತೆ. ಮಾರನೆಯ ದಿನ ಕವರು ಕೊಟ್ಟು, "ಇದು ನಿಮ್ಮ ತಿಮಿಂಗಿಲ. ಮನೇಲಿ ತೋರಿಸಿ" ಅಂದರು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕವರು ಮಡಚಿಹೋಗುತ್ತದೆ ಅಂತ ನಿಂತುಕೊಂಡೇ ಬಂದೆ.

ಅಪ್ಪ ಕೈ ತೊಳೆದು, ಹೆಗಲ ಟವಲ್ಲಿಗೆ ಒರೆಸಿಕೊಂಡು ಫೋಟೋ ತೆಗೆದುಕೊಂಡ. ಬೆಳಕಿಗೆ ಹಿಡಿದ. ದೂರ ಹಿಡಿದ, ಹತ್ತಿರ ಹಿಡಿದ. ಅವನು ಎತ್ತಿನ ಸುತ್ತ ಬರುವಾಗಿನ ಮೌನ ಅದು, ನನಗೆ ಗೊತ್ತಿತ್ತು. ಕೊನೆಗೆ ಕೇಳಿದ.

"ಅಲ್ಲೆಷ್ಟು?"

"ಇದಕ್ಕೆ ಹಲ್ಲೇ ಇಲ್ಲ ಅಪ್ಪ."

"ಅಲ್ಲಿಲ್ದೆ ವಯಸ್ಸು ಎಂಗ್ ಕಂಡಿಡಿಯಾದು? ಯಾಮಾರಿಸ್ತಾರೆ ಕಣಮ್ಮಿ." ಮತ್ತೆ ನೋಡಿದ. ಅವನ ಹೆಬ್ಬೆರಳು ಬಾಲದ ಹತ್ತಿರ ನಿಂತಿತು. "ಇಲ್ನೋಡು. ಬಲಗಡೆ ಸುಳಿ. ಬಾಲದ ಬುಡದಲ್ಲಿ, ಅರ್ಧಚಂದ್ರ. ಇಂಥದ್ದು ಎತ್ತಿಗೆ ಬಂದ್ರೆ ಆ ಮನೇಲಿ ಕಣಜ ಬರಿದಾಗಕ್ಕಿಲ್ಲ. ನಾನು ಇಷ್ಟ್ ವರ್ಸದಲ್ಲಿ ಒಂದ್ ಕಿತ ನೋಡಿವ್ನಿ ಅಷ್ಟೆ."

ತಿಮಿಂಗಿಲಕ್ಕೆ ಕೂದಲಿಲ್ಲ, ಅದು ಸುಳಿಯಲ್ಲ, ಯಾವುದೋ ಹಳೆಯ ಗಾಯದ ಕಲೆ ಅಂತ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವನು ಫೋಟೋದಿಂದ ಕಣ್ಣೆತ್ತದೆ, ಯಾರಿಗೋ ಹೇಳುವವನ ಹಾಗೆ ಅಂದುಬಿಟ್ಟಿದ್ದ: "ಕಣ್ಣದೆ ಕಣಮ್ಮಿ ನಿಂಗೆ."

ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಅವ್ವ ಬಂದು, "ಏನಾಯ್ತೆ?" ಅಂದಳು. ಏನೂ ಇಲ್ಲ ಅಂದೆ. ಅಷ್ಟು ಸಂತೋಷವನ್ನು ಹೇಗೆ ಹೇಳುವುದು ಅಂತ ಗೊತ್ತಾಗಲಿಲ್ಲ.

ಆ ಫೋಟೋ ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಗೋಡೆಗೆ ಹೋಯಿತು. ಅಪ್ಪ ಬೆಳಿಗ್ಗೆ ಸಂಜೆ ಅದರ ಕೆಳಗೇ ಕೂರುತ್ತಿದ್ದ. ಟೀ ಕುಡಿಯಲು ಬಂದವನ ತೋಳು ಹಿಡಿದು ಗೋಡೆಯ ಮುಂದೆ ನಿಲ್ಲಿಸಿ, "ನೋಡ್ಲಾ, ಬಲಮಗ್ಗುಲ್ನಲ್ಲಿ, ಬಾಲದ ಬುಡದಲ್ಲಿ. ಏನ್ ಕಾಣ್ತದೆ?" ಅನ್ನುತ್ತಿದ್ದ. ಅವನಿಗೆ ಕಾಣದಿದ್ದರೆ, "ಥೂ, ಕಣ್ಣಿಲ್ದ ನನ್ಮಗ್ನೆ! ನನ್ ಮಗ್ಳು ಇಷ್ಟ್ ದೊಡ್ಡ ಸಮುದ್ರದಲ್ಲಿ ಇದನ್ನ ಎಕ್ಕಿ ತೆಗ್ದವಳೆ" ಅನ್ನುತ್ತಿದ್ದ. ಶಾಲೆಗೆ ಹೋಗುವ ಮಕ್ಕಳಿಗೂ ಆ ಸುಳಿ ಬಾಯಿಪಾಠವಾಯಿತು. ಊರಿನಲ್ಲಿ ನನ್ನ ಹೆಸರು ಬದಲಾಯಿತು. ಹಾದಿಯಲ್ಲಿ ಹೆಂಗಸರು, "ನಿಮ್ಮಪ್ಪನ ಕಣ್ಣು ನಿಂಗೆ ಬಂದದೆ ಬುಡು" ಅನ್ನುವಾಗ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದೆ. ಅವ್ವ ಒಬ್ಬಳೇ, "ಅಷ್ಟೊಂದು ಉಬ್ಬಬ್ಯಾಡಿ ಅಪ್ಪ ಮಗ್ಳು" ಅನ್ನುತ್ತಿದ್ದಳು. ಅವಳ ಮಾತು ಯಾರಿಗೆ ಬೇಕು.

ಊರಿನಲ್ಲಿ ಇನ್ನೊಬ್ಬ ದಲ್ಲಾಳಿ ಇದ್ದ. ಅವನದೂ ಅಪ್ಪನದೂ ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬ ಹೊಗಳಿದ ಎತ್ತನ್ನು ಇನ್ನೊಬ್ಬ ತೆಗಳದೆ ಸಂತೆ ಮುಗಿಯುತ್ತಿರಲಿಲ್ಲ. ಅವನ ಮಗಳೂ ಓದಿ ಕೂತಿದ್ದಳು. ನಮ್ಮ ಸೆಂಟರಿನಲ್ಲಿ ಕುರ್ಚಿ ಖಾಲಿ ಇದ್ದುದು ಅವಳಿಗೆ ಗೊತ್ತಾಗಿ ಸೇರಿಕೊಂಡಳು. ಪಾಪದ ಹುಡುಗಿ, ನನ್ನ ಜೊತೆಯಲ್ಲೇ ಬಸ್ಸಿನಲ್ಲಿ ಬರುತ್ತಿದ್ದಳು, ಹೋಗುತ್ತಿದ್ದಳು. ಬಂದು ಹೆಚ್ಚು ದಿನವಾಗಿರಲಿಲ್ಲ, ಒಂದು ಮಧ್ಯಾಹ್ನ ಮೇಡಂ ಅವಳ ಹೆಸರು ಹೇಳಿದರು. ಚಪ್ಪಾಳೆ ತಟ್ಟಿದೆವು. ಮಾರನೆಯ ಸಂಜೆ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಕವರು. "ಅಕ್ಕ, ನೋಡ್ತೀಯಾ?" ಅಂದಳು. "ಮನೇಲಿ ಮೊದ್ಲು ತೋರ್ಸು" ಅಂದೆ. ಹೊಟ್ಟೆಕಿಚ್ಚು, ಇನ್ನೇನು. ನಾನು ಕಂಡದ್ದೇ ದೊಡ್ಡದು ಅಂತ ಇನ್ನೊಂದು ದಿನವಾದರೂ ಅಂದುಕೊಂಡಿರೋಣ ಅನ್ನಿಸಿತ್ತು.

ಮರುದಿನ ಸಂಜೆ ಬಸ್ಸಿನಿಂದ ಇಳಿದಾಗ ಟೀ ಅಂಗಡಿಯ ಮುಂದೆ ಜನ. ಒಳಗೆ ಹೋಗದೆಯೇ ಕಂಡಿತು. ಗೋಡೆಯ ಮೇಲೆ ನನ್ನ ಫೋಟೋದ ಪಕ್ಕದಲ್ಲಿ ಇನ್ನೊಂದು ಫೋಟೋ. ಅದರಲ್ಲಿ ತಿಮಿಂಗಿಲದ ತಲೆ ಕೆಳಗಿತ್ತು, ನನ್ನದರಲ್ಲಿ ಮೇಲಿತ್ತು. ಆ ದಲ್ಲಾಳಿ ತನ್ನ ಮಗಳು ತಂದ ಫೋಟೋ ಅಂಟಿಸಿ, ಎದೆಯುಬ್ಬಿಸಿ ನಿಂತಿದ್ದ. ಅಷ್ಟರಲ್ಲಿ ಅಂಗಡಿಯವನು, ಅವನಿಗೇನು ಬಂದಿತ್ತೋ, "ತಲೆಕೆಳಗಾಗಿ ಅಂಟ್ಸಿದ್ದೀಯಲ್ಲೋ" ಅಂತ ಅದನ್ನು ಕಿತ್ತು ತಿರುಗಿಸಿ ಹಿಡಿದ. ಬಾಲ ಕೆಳಕ್ಕೆ ಬಂತು. ಬಲಮಗ್ಗುಲು ಬಲಕ್ಕೆ ಬಂತು. ಬಾಲದ ಬುಡದಲ್ಲಿ ಅರ್ಧಚಂದ್ರ.

ಊರಿಗೂರೇ ಬಾಯಿಪಾಠ ಮಾಡಿದ್ದ ಸುಳಿ ಅದು. ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಅದೇ ಕಣ್ಲಾ!" ಅಂದ ಒಬ್ಬ.

"ಒಂದೇ ಮೀನು ಇಬ್ರಿಗೆ ಸಿಕ್ತಾ?"

ಆ ದಲ್ಲಾಳಿಯ ಮುಖ ಒಂದು ಕ್ಷಣ ಬಿತ್ತು. ತನ್ನ ಮಗಳದೂ ಬಣ್ಣ ಬಯಲಾಯಿತು ಅಂತ ಅವನಿಗೆ ತಿಳಿಯಿತು. ಮರುಕ್ಷಣವೇ ಮುಖ ಅರಳಿತು. ತನ್ನ ಮೂಗು ಕೊಯ್ದುಕೊಂಡಾದರೂ ಎದುರಿನವನಿಗೆ ಅಪಶಕುನ ಮಾಡುವ ಪೈಕಿ ಅವನು. "ಏನಣ್ಣ, ಒಂದೇ ಎತ್ನ ಎರಡ್ ಸಂತೇಲಿ ಮಾರವ್ರಲ್ಲಪ್ಪ ನಮ್ಗೆ!" ಅಂತ ಅಪ್ಪನ ಕಡೆ ತಿರುಗಿದ. "ನೀನೇ ಏಳು. ನಾನ್ ಏಳಿದ್ರೆ ಒಟ್ಟೆಉರಿ ಅಂತೀಯ. ಸುಳಿ ಓದೋ ಕಣ್ಣು ನಿಂದು. ಎರಡೂ ಒಂದೋ, ಬ್ಯಾರೆ ಬ್ಯಾರೇನೋ?"

ಅಪ್ಪ ನನ್ನನ್ನು ನೋಡಿದ. ನಾನು ಏನಾದರೂ ಹೇಳಲಿ ಅಂತ ಕಾದಿರಬೇಕು. ನನಗೂ ಅದು ಆಗಷ್ಟೇ ಗೊತ್ತಾಗುತ್ತಿತ್ತು. ಬೇರೆ ಬೇರೆ ಅಂದಿದ್ದರೆ ಅವನ ಮಾತಿಗೆ ಅರ್ಧ ಜನರಾದರೂ ತಲೆದೂಗುತ್ತಿದ್ದರು. ಅವನು ಎರಡೂ ಫೋಟೋಗಳನ್ನು ಬೆಳಕಿಗೆ ಹಿಡಿದ. ದೂರ ಹಿಡಿದ, ಹತ್ತಿರ ಹಿಡಿದ.

"ಒಂದೇ" ಅಂದ.

ಆ ನಗುವನ್ನು ನಾನು ಬರೆಯಲಾರೆ. ನಗಬಾರದ ಮುದುಕರೂ ನಕ್ಕರು. ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಪ್ರಿಂಟ್ ಹೊಡೆಯಬಹುದಂತೆ, ಅಂದ ಯಾರೋ. ನೂರು ಹೊಡೆಸಿ ಮನೆಮನೆಗೆ ಕೊಡಿಸಣ್ಣ, ಕಣಜ ತುಂಬಲಿ, ಅಂದ ಇನ್ನೊಬ್ಬ. ಅಪ್ಪ ನನ್ನ ಫೋಟೋವನ್ನು ಮೂಲೆ ಹರಿಯದಂತೆ ಗೋಡೆಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟ. "ತಕ್ಕೊ. ನಿಂದು" ಅಂದ. ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ನಾನು ಅವನ ಹಿಂದೆ ಹತ್ತು ಮಾರು ಬಿಟ್ಟು ನಡೆದೆ. ಹತ್ತಿರ ಹೋಗುವುದಕ್ಕೆ ಧೈರ್ಯ ಬರಲಿಲ್ಲ.

ಮರುದಿನ ಮೇಡಂ ಬರುವುದಕ್ಕೆ ಮುಂಚೆಯೇ ಅವರ ಟೇಬಲಿನ ಮುಂದೆ ನಿಂತಿದ್ದೆ. ಫೋಟೋ ಅವರ ಮುಂದೆ ಒಗೆದೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, "ಕೂತ್ಕೊಳ್ಳಿ, ನೀರು ಕುಡೀರಿ" ಅಂದರು. ಆಮೇಲೆ ಬಿಡಿಸಿ ಹೇಳಿದರು. ನಿಜವಾದ ತಿಮಿಂಗಿಲ ಸಿಗುವುದು ಬಲು ಅಪರೂಪ. ಏನೂ ಸಿಗದಿದ್ದರೆ ಹುಡುಗಿಯರು ನಿದ್ದೆ ಹೋಗುತ್ತಾರೆ. ಅದಕ್ಕೆ ನೀರಿನ ಚೌಕಗಳ ನಡುವೆ ಹಳೆಯ ತಿಮಿಂಗಿಲದ ಫೋಟೋಗಳನ್ನು ತಾವೇ ಅಲ್ಲೊಂದು ಇಲ್ಲೊಂದು ಸೇರಿಸಿ ಬಿಟ್ಟಿರುತ್ತಾರೆ. ಕಂಡು ಹಿಡಿದರೆ ಎಚ್ಚರವಾಗಿದ್ದಾಳೆ ಅಂತ ಲೆಕ್ಕ. ಅಂಥ ಫೋಟೋಗಳು ಇದ್ದುದೇ ಸ್ವಲ್ಪ. ಅದಕ್ಕೆ ತಿರುಗಿಸಿ ತಿರುಗಿಸಿ ಎಲ್ಲರಿಗೂ ಅವನ್ನೇ ಬಿಡುತ್ತಿದ್ದರು.

"ಮತ್ತೆ ಮನೆಗೆ ಯಾಕೆ ಕೊಟ್ಟು ಕಳ್ಸಿದ್ರಿ?"

"ಖುಷಿ ಆಗ್ಲಿ ಅಂತ" ಅಂದರು. ನಿಜವಾಗಿಯೂ ಅರ್ಥವಾಗದವರ ಹಾಗೆ ಕಣ್ಣರಳಿಸಿ, "ಖುಷಿ ಆಗ್ಲಿಲ್ವಾ?"

"ನಿಜವಾದ್ದು ಇಲ್ಲಿ ಯಾರಿಗೆ ಸಿಕ್ಕಿದೆ ಮೇಡಂ?"

"ಇಲ್ಲೀವರೆಗೂ ಯಾರಿಗೂ ಇಲ್ಲ. ದಯವಿಟ್ಟು ಬೇರೆಯವರಿಗೆ ಹೇಳ್ಬೇಡಿ. ಮತ್ತೆ ನಿದ್ದೆ ಮಾಡ್ತಾರೆ."

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಎಲ್ಲರಿಗೂ ಹೇಳಿದೆ. ಎಲ್ಲರೂ ಎದ್ದು ಹೋಗಿ ಮೇಡಂ ಮುಂದೆ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಯಾರೂ ಏಳಲಿಲ್ಲ. ಅವರ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ಒಬ್ಬಳು ತನ್ನ ಫೋಟೋಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದಳಂತೆ, ಅವಳ ಅತ್ತೆ ದಿನಾ ಅದಕ್ಕೂ ಒಂದು ಹೂವು ಏರಿಸುತ್ತಿದ್ದಳಂತೆ. ಅವಳು ಅನ್ನದ ಕೈ ಹಾಗೇ ಹಿಡಿದುಕೊಂಡು, "ನೀನು ಬಾಯಿ ಮುಚ್ಕಂಡಿದ್ರೆ ನಮ್ಮನೇಲ್ ಇನ್ನೂ ತಿಮಿಂಗಿಲ ಇರ್ತಿತ್ತು" ಅಂದಳು. ಅಂದಿನಿಂದ ನನ್ನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ಆ ದಲ್ಲಾಳಿಯ ಮಗಳು ಕೆಲಸವನ್ನೇ ಬಿಟ್ಟಳು. ಬಸ್ಸಿನಲ್ಲಿ ಒಬ್ಬಳೇ ಆದೆ.

ನಾನು ಬಿಡಲಿಲ್ಲ. ಹಟ ಅನ್ನಿ, ಹುಚ್ಚು ಅನ್ನಿ. ಒಂದು ನಿಜವಾದ ತಿಮಿಂಗಿಲ ಕಾಣಬೇಕು, ಅದನ್ನು ಅಪ್ಪನಿಗೆ ಹೇಳಬೇಕು ಅಂತ ಕೂತುಬಿಟ್ಟೆ. ಅವರು ಬಿಟ್ಟ ಹಳೆಯ ಫೋಟೋಗಳು ಬಂದಾಗ ಈಗ ದೂರದಿಂದಲೇ ಗುರುತು ಸಿಗುತ್ತಿತ್ತು. ಸುಮ್ಮನೆ ಗೆರೆ ಎಳೆದು ಮುಂದಕ್ಕೆ ಹೋಗುತ್ತಿದ್ದೆ. ಮೇಡಂ ಹೆಸರು ಹೇಳುವುದನ್ನೂ ಕವರು ಕೊಡುವುದನ್ನೂ ನಿಲ್ಲಿಸಿದ್ದರು.

ಮನೆಯಲ್ಲಿ ಏನಾಯಿತು ಅಂದರೆ, ಏನೂ ಆಗಲಿಲ್ಲ. ಅಪ್ಪ ಆ ವಿಷಯ ಎತ್ತಲಿಲ್ಲ. ಸಂಜೆ ನಾನು ಬಂದರೆ ಬಲೆಯ ಮಾತಿಲ್ಲ, ಮೀನಿನ ಮಾತಿಲ್ಲ. "ಬಂದ್ಯೇನವ್ವ? ಒಳ್ಳೇದು" ಅನ್ನುತ್ತಿದ್ದ. ಮೊದಮೊದಲು ಬದುಕಿದೆ ಅಂದುಕೊಂಡೆ. ಆಮೇಲೆ ದಿಗಿಲಾಯಿತು. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಮೊದಲಾಗಿದ್ದರೆ ತಟ್ಟೆ ಅಂಗಳಕ್ಕೆ ಹೋಗುತ್ತಿತ್ತು, ಅದರ ಹಿಂದೆ ನಮ್ಮ ವಂಶದ ಹೆಂಗಸರೆಲ್ಲ ಹೋಗುತ್ತಿದ್ದರು. ಅಪ್ಪ ಪೂರ್ತಿ ಉಂಡು ಕೈ ತೊಳೆದು, "ಚೆಂದಾಗಿತ್ತು ಕಣವ್ವ" ಅಂದ. ಅವ್ವ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು.

ಸಂತೆಗೆ ಹೋಗಿದ್ದವಳು ನಾನು. ಆ ದನಿ ನನಗೆ ಗೊತ್ತಿತ್ತು. ಅಪ್ಪ ಬೇಕಾದ ಎತ್ತನ್ನು ಎಂದೂ ಹೊಗಳಿದವನಲ್ಲ. ಕಾಲು ಸೊಟ್ಟ, ಕೊಂಬು ಗಿಡ್ಡ, ಬೆನ್ನು ಹಳ್ಳ ಅಂತ ಮಾರುವವನ ಕಣ್ಣಲ್ಲಿ ನೀರು ಬರುವ ತನಕ ಹಳಿದು, ಆಮೇಲೆ ಟವಲ್ಲಿನ ಕೆಳಗೆ ಅವನ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುತ್ತಿದ್ದ. ಬೇಡದ ಎತ್ತಿನ ಮುಂದೆ ಮಾತ್ರ ಅವನು ನಿಲ್ಲದೆಯೇ, "ಒಳ್ಳೆ ಮಾಲು, ಜ್ವಾಪಾನವಾಗಿ ನೋಡ್ಕಳಿ" ಅಂತ ಹೇಳಿ ದಾಟಿಬಿಡುತ್ತಿದ್ದ.

ಅವನೂ ನೋಯುತ್ತಿದ್ದ, ಇಲ್ಲ ಅನ್ನುವುದಿಲ್ಲ. ಸಂತೆಯಲ್ಲಿ ಅವನು ಸುಳಿ ತೋರಿಸಿದರೆ, "ಎತ್ತಿಂದೋ, ಮೀನಿಂದೋ?" ಅನ್ನುವವರಿದ್ದರು. ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ. ಆ ನೋವನ್ನು ನನ್ನ ಮೇಲೆ ಬೈದು ತೀರಿಸಿಕೊಳ್ಳಲಿ ಅಂತ ನಾನು ಕಾಯುತ್ತಿದ್ದೆ. ಅವನು ಆ ಒಂದು ದಯೆಯನ್ನೂ ತೋರಿಸಲಿಲ್ಲ.

ಮಳೆ ಹಿಡಿದು ವಿಮಾನ ಹಾರದೆ ಕೆಲಸ ನಿಂತು, ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ, ಊಟದ ಹೊತ್ತೂ ಅಲ್ಲ, ನಿದ್ದೆಯ ಹೊತ್ತೂ ಅಲ್ಲ, ಒಂದು ಚೌಕ ಬಂತು. ಅಲೆಯೆದ್ದು ಬೆಳ್ಳಗಾದ ನೀರು. ಅದರ ಕೆಳಗೆ ಏನೋ ಇತ್ತು. ಮೊದಲು ಅದು ಇಡಿಯಾಗಿ ಕಾಣಲೇ ಇಲ್ಲ. ಚೌಕದ ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿನ ತನಕ ನೀರು ನೀಲಿಯಿಂದ ಬೂದಿಗೆ ತಿರುಗಿತ್ತು. ಬಾಲ ಮುಂದಿನ ಚೌಕದಲ್ಲಿತ್ತು. ಹಳೆಯ ಫೋಟೋಗಳಲ್ಲಿ ತಿಮಿಂಗಿಲ ಯಾವಾಗಲೂ ಅಚ್ಚುಕಟ್ಟಾಗಿ ನಡುವೆ ಕೂತಿರುತ್ತಿತ್ತು. ಇದು ಯಾರಿಗೂ ತೋರಿಸಿಕೊಳ್ಳಲು ಬಂದದ್ದಲ್ಲ. ನಾನು ಕಿರುಚಲಿಲ್ಲ. ಕೈ ಎತ್ತಿದೆ.

ಮೇಡಂ ಬಂದು ಬಗ್ಗಿ ನೋಡಿದರು. ಅವರ ಮುಖದ ಮೇಲಿನ ನಗು ಹೋಯಿತು. ನಾನು ಅವರನ್ನು ನಗದೆ ನೋಡಿದ್ದು ಅದೇ ಮೊದಲು.

"ಇದು ನಾವು ಬಿಟ್ಟಿದ್ದಲ್ಲ" ಅಂದರು.

ಆಮೇಲೆ ಫೋನುಗಳು. ಎಲ್ಲಿಂದಲೋ ಯಾರೋ ನಮ್ಮ ಕಂಪ್ಯೂಟರನ್ನೇ ದೂರದಿಂದ ತೆರೆದು ನೋಡಿದರು. ಹೌದು, ನೀಲಿ ತಿಮಿಂಗಿಲವೇ, ದೊಡ್ಡದು, ಅಂದರಂತೆ. ಸಂಜೆಯೊಳಗೆ ಆ ಚೌಕ ನನ್ನ ಪರದೆಯಿಂದ ಮಾಯವಾಯಿತು. ಒಂದು ಪ್ರಿಂಟ್ ಕೊಡಿ ಮೇಡಂ ಅಂದೆ. ಕೊಡುವ ಹಾಗಿಲ್ಲ ಅಂದರು. ನಿಜವಾದದ್ದನ್ನು ಯಾರಿಗೂ ತೋರಿಸುವ ಹಾಗಿಲ್ಲ, ಎಲ್ಲಿದೆ ಅಂತ ಗೊತ್ತಾದರೆ ಅದಕ್ಕೇ ಅಪಾಯ. ಸುಳ್ಳಿನದನ್ನಾದರೆ ಎಷ್ಟು ಬೇಕಾದರೂ ಒಯ್ಯಬಹುದಿತ್ತು. ಬೇಡಿಕೊಂಡೆ. ನಾಚಿಕೆ ಬಿಟ್ಟು, ಅಪ್ಪನ ವಿಷಯ ಹೇಳಿ ಬೇಡಿಕೊಂಡೆ. ಅವರ ಕಣ್ಣೂ ಒದ್ದೆಯಾಯಿತು. "ಬೇಕಾದ್ರೆ ಹಳೇದ್ರಲ್ಲಿ ಒಂದು ಕೊಡ್ತೀನಿ. ಬೇರೆ ತಿಮಿಂಗಿಲದ್ದು. ಅವರಿಗೇನು ಗೊತ್ತಾಗುತ್ತೆ?" ಅಂದರು. ಹೊಡೆಯಬೇಕು ಅನ್ನಿಸಿತು. ಕೈ ಮುಗಿದು ಬಂದೆ.

ಬರಿಗೈಯಲ್ಲಿ ಊರಿಗೆ ಬಂದೆ. ಅಪ್ಪ ಜಗುಲಿಯ ಮೇಲೆ ಕೂತು ಮೂಗುದಾರ ಹೊಸೆಯುತ್ತಿದ್ದ. ಅವನ ಮುಂದೆ ನೆಲದಲ್ಲೇ ಕೂತೆ. ಎಲ್ಲ ಹೇಳಿದೆ. ನೀರು ಹೇಗಿತ್ತು, ಬಣ್ಣ ಹೇಗೆ ತಿರುಗಿತು, ಒಂದು ಚೌಕದಲ್ಲಿ ಹಿಡಿಯಲಾರದೆ ಇನ್ನೊಂದಕ್ಕೆ ಹೇಗೆ ಹೋಗಿತ್ತು, ಮೇಡಂ ಏನಂದರು, ಫೋಟೋ ಯಾಕೆ ಕೊಡಲಿಲ್ಲ, ಎಲ್ಲ. ಅವನು ಹುರಿ ಹೊಸೆಯುವುದನ್ನು ನಿಲ್ಲಿಸಿ, ನಡುವೆ ಬಾಯಿ ಹಾಕದೆ, ಪೂರ್ತಿ ಕೇಳಿಸಿಕೊಂಡ. ನನ್ನ ಜನ್ಮದಲ್ಲಿ ಅವನು ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದ್ದಿಲ್ಲ.

"ಅಂಗಾ?" ಅಂದ. "ಬೋ ಒಳ್ಳೇದಾಯ್ತು ಕಣವ್ವ."

"ನಂಬಲ್ವಾ ಅಪ್ಪ?"

"ನಂಬದೆ ಏನವ್ವ? ನೀನು ಏಳಿದ್ ಮ್ಯಾಲೆ ಸರಿ."

"ಬಯ್ಯಪ್ಪ. ಸುಳ್ಳು ಅಂತನಾದ್ರೂ ಬಯ್ಯಿ."

"ಯಾಕವ್ವ ಬಯ್ಲಿ? ದಣಿದು ಬಂದಿದ್ದೀಯೆ. ಓಗು, ಉಣ್ಣು" ಅಂದ. ಹುರಿಯನ್ನು ಸುತ್ತಿ ಬದಿಗಿಟ್ಟು ಎದ್ದ. ನಮ್ಮ ಜಗುಲಿ ಸಾಕಷ್ಟು ಅಗಲವಿದೆ, ಅವನು ಕೂತಿದ್ದರೂ ನಾನು ದಾಟಿ ಹೋಗಬಹುದಿತ್ತು. ಆದರೂ ಗೋಡೆಗೆ ಸರಿದು, ಬಂದ ನೆಂಟರಿಗೆ ಬಿಡುವ ಹಾಗೆ, ಒಳಗೆ ಹೋಗಲು ನನಗೆ ದಾರಿ ಬಿಟ್ಟು ನಿಂತ.